ಚಂದ್ರಪ್ರಭಾ ಅಳಿಸಿದ ಪಟ್ಟಿ

ಚನ್ನರಾಯಪಟ್ಟಣದ ಕಣ್ಣಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ರೋಗಿಗಳ ದಾಖಲೆ ನೋಡಿಕೊಂಡ ಚಂದ್ರಪ್ರಭಾ ಒಂದು ದಿನವೂ ಕೆಲಸಕ್ಕೆ ತಡವಾಗಿ ಬಂದವಳಲ್ಲ. ಎಂಟೂಮುಕ್ಕಾಲಿಗೆ ಬೀಗ ತೆಗೆದು, ಮೇಜು ಒರೆಸಿ, ಮನೆಯಿಂದ ತಂದ ನಾಲ್ಕು ಕಾಕಡ ಹೂವನ್ನು ಕಂಪ್ಯೂಟರಿನ ತಲೆಯ ಮೇಲಿಟ್ಟು, ಕಣ್ಣು ಮುಚ್ಚಿ ಜೈನರ ಣಮೋಕಾರ ಮಂತ್ರ ಹೇಳಿಕೊಂಡು ಕುರ್ಚಿಯಲ್ಲಿ ಕೂರುವಳು. ಅವಳ ಗಂಡ ನಾಗಕುಮಾರನಿಗೆ ಪೇಟೆಬೀದಿಯಲ್ಲಿ ಪಾತ್ರೆ ಅಂಗಡಿ. "ನಾನು ಅಂಗಡಿ ಬಾಗಿಲು ತೆಗೆಯೋದು ಗಡಿಯಾರ ನೋಡಿ ಅಲ್ಲ, ಇವಳು ಮುಂದೆ ಹಾದು ಹೋಗೋದನ್ನ ನೋಡಿ" ಎಂದು ಅವನು ಗಿರಾಕಿಗಳ ಮುಂದೆ ಹೇಳುತ್ತಿದ್ದ.

ಆಸ್ಪತ್ರೆಯ ಮುಖ್ಯ ಕಟ್ಟಡ ಇದ್ದುದು ಹಾಸನದಲ್ಲಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಅದರ ಮೂರು ಶಾಖೆಗಳು. ತೊಂಬತ್ತಾರರಲ್ಲಿ ನಾಲ್ಕೂ ಕಡೆಗೆ ಕಂಪ್ಯೂಟರು ಬಂದಾಗ ಒಂದು ಪದ್ಧತಿ ಏರ್ಪಟ್ಟಿತು. ಶನಿವಾರ ಸಂಜೆ ಶಾಖೆಯವರು ಆ ವಾರದ ಹೆಸರುಗಳನ್ನು ಫ್ಲಾಪಿಗೆ ತುಂಬಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಹಾಸನದ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕು. ಭಾನುವಾರ ಹಾಸನದಲ್ಲಿ ನಾಲ್ಕೂ ಊರಿನ ಹೆಸರುಗಳನ್ನು ಸೇರಿಸಿ ಒಂದು ದೊಡ್ಡ ಪಟ್ಟಿ ಮಾಡಿ, ಅದರ ಪ್ರತಿಗಳನ್ನು ಸೋಮವಾರದ ಮೊದಲ ಬಸ್ಸುಗಳಿಗೆ ಹಾಕುವರು. ಒಂದೂರಿನಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿಕೊಂಡವರು ಇನ್ನೊಂದೂರಿನಲ್ಲಿ ಮತ್ತೊಂದು ಕಣ್ಣಿಗೆ ಬಂದರೂ ಅವರ ವಿವರ ಅಲ್ಲಿ ಸಿಗಬೇಕೆಂಬುದು ಉದ್ದೇಶ.

ಉದ್ದೇಶವೇನೋ ಒಳ್ಳೆಯದೇ. ಆದರೆ ಒಮ್ಮೆ ಅರಕಲಗೂಡಿನವರು ಹಳೆಯ ಪ್ರತಿಯನ್ನು ಅಳಿಸದೆ ಹಾಗೇ ಬಿಟ್ಟು, ಅದನ್ನೇ ನೋಡಿ, ಶೆಟ್ಟಿಹಳ್ಳಿಯ ಗಂಗಯ್ಯ ಎಂಬಾತನಿಗೆ ಎಡಗಣ್ಣಿನ ಶಸ್ತ್ರಚಿಕಿತ್ಸೆಗೆ ಬರುವಂತೆ ಕಾಗದ ಹಾಕಿದರು. ಆತನ ಎಡಗಣ್ಣಿಗೆ ಹಿಂದಿನ ವಾರವೇ ಹಾಸನದಲ್ಲಿ ಆಗಿಹೋಗಿತ್ತು. ಗಂಗಯ್ಯ ಕಾಗದ ಹಿಡಿದು ಬಂದು, "ಮಾಡಿದ್ ಕಣ್ಣನ್ನೇ ಮತ್ತೆ ಮಾಡ್ತೀರಾ ಸಾ? ಈಗ ಚೆಂದಾಗ್ ಕಾಣ್ತದೆ, ಅದುಕ್ಕೇ ಏನಾರ ಸಿಟ್ಟಾ?" ಎಂದು ಕೇಳಿದನಂತೆ. ಈ ಮಾತು ನಾಲ್ಕೂ ಊರಿಗೆ ಹಬ್ಬಿತು. ಅಂದಿನಿಂದ ಕಟ್ಟುನಿಟ್ಟಾದ ಆಜ್ಞೆ: ಸೋಮವಾರ ಬೆಳಿಗ್ಗೆ ಮೊದಲು ಹಳೆಯ ಪ್ರತಿಯನ್ನು ಅಳಿಸತಕ್ಕದ್ದು, ಅನಂತರವೇ ಹೊಸ ಫ್ಲಾಪಿ ಹಾಕತಕ್ಕದ್ದು.

ಚಂದ್ರಪ್ರಭಾ ಈ ಆಜ್ಞೆಯನ್ನು ವ್ರತದಂತೆ ಪಾಲಿಸಿದಳು. ಸೋಮವಾರ ಒಂಬತ್ತು ಗಂಟೆಗೆ 'ಎಲ್ಲಾ ರೋಗಿಗಳು' ಎಂಬ ಪಟ್ಟಿಯನ್ನು ಅಳಿಸುವಳು, ಚಪ್ಪಲಿ ಮೆಟ್ಟಿ ಬಸ್ ನಿಲ್ದಾಣಕ್ಕೆ ಹೋಗುವಳು, ಫ್ಲಾಪಿ ತಂದು ಹಾಕುವಳು. ಎಂಟು ವರ್ಷ ಅವಳ ಶಾಖೆಯಲ್ಲಿ ಹಳಸಿದ ಪಟ್ಟಿ ಒಂದು ದಿನವೂ ಉಳಿಯಲಿಲ್ಲ. ಇದು ಅವಳಿಗೆ ಒಳಗೊಳಗೇ ಹೆಮ್ಮೆಯ ಸಂಗತಿಯಾಗಿತ್ತು.

ಎರಡು ಸಾವಿರದ ನಾಲ್ಕರ ಫೆಬ್ರವರಿಯಲ್ಲಿ ಹಾಸನದಿಂದ ಕಂಪ್ಯೂಟರ್ ನೋಡಿಕೊಳ್ಳುವ ತಿರುನಾರಾಯಣ ಬಂದ. ಹಣೆಯ ಮೇಲೆ ತೆಳ್ಳಗೆ ಎಳೆದ ಕೆಂಪು ನಾಮ, ಕೈಯಲ್ಲಿ ತಂತಿಯ ಸುರುಳಿ, ನಲವತ್ತೈದರ ಆಸುಪಾಸಿನ ಮನುಷ್ಯ. ಒಂದು ಶುಕ್ರವಾರವಿಡೀ ಕೂತು, ಟೆಲಿಫೋನ್ ತಂತಿಯ ಮೂಲಕ ನಾಲ್ಕೂ ಊರಿನ ಕಂಪ್ಯೂಟರುಗಳನ್ನು ಜೋಡಿಸಿದ.

"ಇನ್ಮೇಲೆ ಪ್ರತಿ ಅನ್ನೋದೇ ಇಲ್ಲ ಚಂದ್ರಪ್ರಭಾ ಅವರೇ. ಇರೋದು ಒಂದೇ. ಎಲ್ಲರೂ ನೋಡೋದು ಅದನ್ನೇ. ಇದಕ್ಕೆ ವ್ಯೂ, ಅಂದ್ರೆ ನೋಟ ಅಂತಾರೆ. ನಿಮಗೆ ಗೊಂದಲ ಆಗಬಾರದು ಅಂತ ಹಳೇ ಹೆಸರನ್ನೇ ಇಟ್ಟಿದೀನಿ" ಎಂದು ಹೇಳಿ, ಇನ್ನೂ ಏನೇನೋ ವಿವರಿಸಿ, ಐದೂವರೆಯ ಬಸ್ಸು ಹಿಡಿದು ಹೋದ. ಆಕೆ ತನ್ನ ಪುಸ್ತಕದಲ್ಲಿ 'ವ್ಯೂ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಳು.

ಸೋಮವಾರ ಬಂತು. ಮೇಜು ಒರೆಸಿದಳು, ಹೂವಿಟ್ಟಳು, ಮಂತ್ರ ಹೇಳಿದಳು. ಒಂಬತ್ತಾಯಿತು. ಕೈ ತಾನಾಗಿ 'ಎಲ್ಲಾ ರೋಗಿಗಳು' ಎಂಬಲ್ಲಿಗೆ ಹೋಯಿತು. ಅಳಿಸಬೇಕೆ ಎಂದು ಕಂಪ್ಯೂಟರು ಕೇಳಿತು. ಹೌದು ಎಂದು ಒತ್ತಿದಳು. ಎದ್ದು ಬಾಗಿಲ ಬಳಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದಕ್ಕೆ ಕಾಲು ಚಾಚಿದವಳು ಹಾಗೇ ನಿಂತಳು.

ಇನ್ನು ಫ್ಲಾಪಿ ಬರುವುದಿಲ್ಲ. ಪ್ರತಿ ಎನ್ನುವುದೇ ಇಲ್ಲ. ಇರುವುದು ಒಂದೇ.

ಆ ಒಂದನ್ನು ತಾನು ಅಳಿಸಿದ್ದಾಳೆ. ನಾಲ್ಕು ಊರಿನ, ಎಂಟು ವರ್ಷದ, ಹನ್ನೊಂದು ಸಾವಿರ ಜನರ ಕಣ್ಣಿನ ವಿವರ.

ಅಷ್ಟರಲ್ಲಿ ಹಿರೀಸಾವೆಯ ಮಲ್ಲಿಗಮ್ಮ ಬುತ್ತಿಯ ಗಂಟು ಹಿಡಿದು ಎದುರಿಗೆ ಬಂದು ನಿಂತಳು. ಮುದುಕಿಯ ಬಲಗಣ್ಣಿಗೆ ಅಕ್ಟೋಬರಿನಲ್ಲಿ ಹಾಸನದಲ್ಲಿ ಶಸ್ತ್ರಚಿಕಿತ್ಸೆ ಆಗಿತ್ತು. ಮರುದಿನ ಮಂಗಳವಾರ ಎಡಗಣ್ಣಿಗೆ ಇಲ್ಲಿ ಆಗಬೇಕು. ಕಳೆದ ಸಲ ಮರಗಟ್ಟಿಸುವ ಔಷಧಿ ಒಗ್ಗದೆ ಅವಳ ಮುಖ ಊದಿಕೊಂಡಿತ್ತು. ಯಾವ ಔಷಧಿ ಎಂಬುದನ್ನು ಹಾಸನದ ಡಾಕ್ಟರು ದಾಖಲೆಯಲ್ಲಿ ಬರೆಸಿದ್ದರು. ಚಂದ್ರಪ್ರಭಾ ಅವಳ ನಂಬರು ಒತ್ತಿದಳು. ಅಂಥ ಪಟ್ಟಿಯೇ ಇಲ್ಲ ಎಂದು ಪರದೆಯ ಮೇಲೆ ಮೂಡಿತು.

"ಏನವ್ವಾ, ಇಂಗ್ ನೋಡ್ತಾ ಕೂತ್ಬುಟ್ಟೆ? ನನ್ ಎಸ್ರು ಇಲ್ವಾ?"

"ಇದೆ ಅಜ್ಜಿ. ಕೂತ್ಕೊಳಿ."

"ಸುದ್ದಾಗ್ ನೋಡು. ಓದ್ಸಲ ಮೊಕ ಕುಂಬಳಕಾಯಂಗ್ ಆಗೋಗಿತ್ತು. ನನ್ ಸೊಸೆ ಗುರ್ತೇ ಇಡೀಲಿಲ್ಲ. ಅದೊಂದ್ ಲಾಬ ಅನ್ನು."

ಸುಳ್ಳಾಡಿದೆನಲ್ಲ ಎಂದುಕೊಳ್ಳುತ್ತಲೇ ಚಂದ್ರಪ್ರಭಾ ಆಸ್ಪತ್ರೆಯೆದುರಿನ ಫೋನ್ ಬೂತಿಗೆ ಓಡಿದಳು. ಹಾಸನಕ್ಕೆ ಫೋನು ಮಾಡಿದಳು; ಲೈನು ಬಿಡುವಿರಲಿಲ್ಲ. ಹೊಳೆನರಸೀಪುರವೂ ಹಾಗೆಯೇ, ಅರಕಲಗೂಡೂ ಹಾಗೆಯೇ. ಎಲ್ಲರ ಫೋನೂ ಈಗ ಕಂಪ್ಯೂಟರಿಗೆ ಸಿಕ್ಕಿಸಿದ್ದಲ್ಲವೆ, ಮನುಷ್ಯರು ಮಾತಾಡುವುದಕ್ಕೆ ತಂತಿ ಎಲ್ಲಿಯದು? ಅರ್ಧ ಗಂಟೆ ಒದ್ದಾಡಿ, ಆಸ್ಪತ್ರೆಯ ನರ್ಸಮ್ಮನಿಗೆ ಮುದುಕಿಯನ್ನು ಒಪ್ಪಿಸಿ, ತನ್ನ ಪುಸ್ತಕವನ್ನೂ ಕೋಣೆಯ ಬೀಗದ ಕೈಯನ್ನೂ ಚೀಲಕ್ಕೆ ಹಾಕಿಕೊಂಡು ಹೊರಟಳು. ಬೀಗದ ಕೈಯನ್ನು ಹಾಸನದಲ್ಲಿ ಒಪ್ಪಿಸಿ ಕೆಲಸ ಬಿಡುವುದೆಂದು ಅವಳು ಆಗಲೇ ತೀರ್ಮಾನಿಸಿದ್ದಳು.

ಬಸ್ಸಿನಲ್ಲಿ ಕಂಡಕ್ಟರ್ ನಂಜಯ್ಯ. ಎಂಟು ವರ್ಷ ಅವಳ ಫ್ಲಾಪಿಗಳನ್ನು ಹೊತ್ತವನು.

"ಏನಮ್ಮಾ, ಪ್ಲಾಪಿ ಕಳ್ಸೋದ್ ಬುಟ್ಟು ನೀವೇ ಒಂಟ್ಬುಟ್ರಾ?"

"ಇನ್ಮೇಲೆ ಫ್ಲಾಪಿ ಇಲ್ಲ ನಂಜಯ್ಯ. ಫೋನ್ ತಂತೀಲೇ ಹೋಗತ್ತೆ."

"ತಂತೀಲಾ?" ನಂಜಯ್ಯ ಟಿಕೆಟ್ ಹರಿದು ಕೊಟ್ಟು ಚಿಲ್ಲರೆ ಎಣಿಸಿದ. "ಆ ತಂತಿ ಎಂಗೋ ಏನೋ. ಊರೋರ್ ಕಣ್ಣೆಲ್ಲಾ ನನ್ ಬ್ಯಾಗಲ್ಲೇ ಓಡಾಡ್ತು ಕಣಮ್ಮ. ನಾನ್ ಒಂದೂ ಕಳೀಲಿಲ್ಲ."

ಅವನು ಹಗುರಾಗಿ ಆಡಿದ ಮಾತು ಅವಳಿಗೆ ಚುಚ್ಚಿತು. ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಶಾಂತಿಗ್ರಾಮ ಬಂದದ್ದೂ ಹೋದದ್ದೂ ತಿಳಿಯಲಿಲ್ಲ.

ಹಾಸನದ ಕಂಪ್ಯೂಟರ್ ಕೋಣೆಯಲ್ಲಿ ತಿರುನಾರಾಯಣ ಡಬ್ಬಿ ಬಿಚ್ಚಿ ಪುಳಿಯೋಗರೆ ತಿನ್ನುತ್ತಿದ್ದ. ಚಂದ್ರಪ್ರಭಾ ಕೂರಲಿಲ್ಲ. ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೇಳಿದಳು:

"ನಾನು ಎಲ್ಲಾ ಅಳಿಸಿಬಿಟ್ಟೆ ಸಾರ್. ಸೋಮವಾರ ಅಂತ ಕೈ ಹೋಯ್ತು. ಯಾರಿಗೆ ಏನು ಬರೆದುಕೊಡಬೇಕೋ ಹೇಳಿ, ಬರೆದುಕೊಡ್ತೀನಿ."

ತಿರುನಾರಾಯಣ ಬಾಯಲ್ಲಿದ್ದ ತುತ್ತನ್ನು ನುಂಗಿದ. ಎಡಗೈಯಲ್ಲಿ ಎರಡು ಕೀಲಿ ಒತ್ತಿ, ಪರದೆಯನ್ನು ಅವಳ ಕಡೆ ತಿರುಗಿಸಿದ.

"ಯಾರದು ಬೇಕು?"

"ಮಲ್ಲಿಗಮ್ಮ. ಹಿರೀಸಾವೆ."

ಮಲ್ಲಿಗಮ್ಮ ಪರದೆಯ ಮೇಲೆ ಬಂದಳು. ವಯಸ್ಸು ಎಪ್ಪತ್ತೊಂದು, ಬಲಗಣ್ಣು, ಅಕ್ಟೋಬರ್ ಹದಿನಾಲ್ಕು. ಕೆಳಗೆ ಒಗ್ಗದ ಔಷಧಿಯ ಹೆಸರು, 'ಬೇರೆ ಕೊಡತಕ್ಕದ್ದು'.

ಚಂದ್ರಪ್ರಭಾ ಆಗ ಕುರ್ಚಿ ಎಳೆದುಕೊಂಡು ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಮತ್ತೆ ನಾನು ಅಳಿಸಿದ್ದೇನು?"

"ಕನ್ನಡಕ" ಎಂದ ತಿರುನಾರಾಯಣ. ತನ್ನ ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟ. "ಈಗ ನೀವು ನನಗೆ ಮಂಜುಮಂಜಾಗಿ ಕಾಣ್ತೀರಿ. ಹಾಗಂತ ನೀವು ಹೊರಟುಹೋದ್ರಾ? ಇಲ್ಲೇ ಕೂತಿದೀರಿ. ನಾಲ್ಕೂ ಊರಿನ ಪಟ್ಟಿ ಆಯಾ ಊರಿನ ಕಂಪ್ಯೂಟರಲ್ಲೇ ಭದ್ರವಾಗಿ ಕೂತಿದೆ. ನಿಮ್ಮೂರಿಂದು ನಿಮ್ಮ ಮೇಜಿನ ಮೇಲೇ ಇದೆ, ಬೇರೆ ಹೆಸರಲ್ಲಿ. ವ್ಯೂ ಅನ್ನೋದರೊಳಗೆ ಒಂದು ಹೆಸರೂ ಇರೋದಿಲ್ಲ. ನೀವು ಕೇಳಿದಾಗ ನಾಲ್ಕು ಕಡೆಯಿಂದ ಒಟ್ಟಿಗೆ ತೋರಿಸತ್ತೆ, ಅಷ್ಟೇ ಅದರ ಕೆಲಸ. ಇನ್ನೊಂದು ಮಾಡಿಕೊಡೋಕೆ ನನಗೆ ಐದು ನಿಮಿಷ ಬೇಡ."

"ಒಂದೇ ಇರೋದು ಅಂದ್ರಲ್ಲ ನೀವು."

"ಅಂದೆ. ಅದೇ ಹೆಸರನ್ನೂ ಇಟ್ಟೆ. ತಪ್ಪು ನಂದೇ. ಎಂಟು ವರ್ಷ ಸೋಮವಾರ ಸೋಮವಾರ ಅಳಿಸಿ ಅಂತ ಹೇಳಿಕೊಟ್ಟವರೂ ನಾವೇ ಅಲ್ವೆ?"

ಅವಳು ಸ್ವಲ್ಪ ಯೋಚಿಸಿದಳು. ಭಯ ಇಳಿದ ಮೇಲೆ ಅವಳ ಬುದ್ಧಿ ಎಂದಿನ ಚುರುಕಿಗೆ ಬಂದಿತ್ತು.

"ಹಾಗಾದ್ರೆ ಸಾರ್, ಆ ಕನ್ನಡಕದ ಮೂಲಕ ನೋಡ್ತಾ ನಾನು ಅರಕಲಗೂಡಿನ ಒಬ್ಬರ ಹೆಸರು ಅಳಿಸಿದ್ರೆ?"

ತಿರುನಾರಾಯಣ ಕನ್ನಡಕ ಹಾಕಿಕೊಳ್ಳಲು ಹೋದವನು ಕೈ ತಡೆದ. "ಅದು ಅರಕಲಗೂಡಲ್ಲಿ ನಿಜವಾಗ್ಲೂ ಹೋಗ್ತಿತ್ತು" ಎಂದು ಮೆಲ್ಲಗೆ ಹೇಳಿದ. ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಕೈ ತೊಳೆದು ಬಂದು, ಆಗಲೇ ಕೆಲಸಕ್ಕೆ ಕೂತ. ಇನ್ನು ಮುಂದೆ ಪ್ರತಿಯೊಂದು ಊರಿನವರೂ ನಾಲ್ಕೂ ಊರಿನ ಹೆಸರು ನೋಡಬಹುದು, ತಿದ್ದುವುದು ಮಾತ್ರ ತಮ್ಮೂರಿನದನ್ನು. ವ್ಯೂವನ್ನು ತೆಗೆಯುವ ಅಧಿಕಾರ ಹಾಸನದ ಹೊರಗೆ ಯಾರಿಗೂ ಇಲ್ಲ. ಅದಕ್ಕೆ 'ನಾಲ್ಕೂರ ನೋಟ' ಎಂಬ ಹೊಸ ಹೆಸರನ್ನೂ ಇಟ್ಟ. ಎಲ್ಲಾ ಮುಗಿಸುವಷ್ಟರಲ್ಲಿ ನಾಲ್ಕು ಗಂಟೆಯಾಗಿತ್ತು.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅನ್ಸತ್ತೆ. ಪುಳಿಯೋಗರೆ ಇನ್ನೂ ಇದೆ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಒಂದೂ ಇಲ್ಲ. ನಿಮ್ಮವರೂ ತಿನ್ನಬಹುದು."

ಎರಡೇ ತುತ್ತು ತಿಂದಳು. ಅದಕ್ಕಿಂತ ಹೆಚ್ಚು ಕೂರಲು ಅವಳಿಗೆ ಮನಸ್ಸಿರಲಿಲ್ಲ. ಮಲ್ಲಿಗಮ್ಮನ ವಿವರ ಮುದ್ರಿಸಿದ ಹಾಳೆಯನ್ನು ಮಡಿಸಿ ಪುಸ್ತಕದೊಳಗಿಟ್ಟುಕೊಂಡಳು. ಬಾಗಿಲ ತನಕ ಹೋದವಳನ್ನು ತಿರುನಾರಾಯಣ ಕೂಗಿ ಕರೆದು, ಮರೆತ ಬೀಗದ ಕೈಯನ್ನು ಅವಳ ಕೈಗೆ ಹಾಕಿದ.

ಚನ್ನರಾಯಪಟ್ಟಣದ ವಾರ್ಡಿನಲ್ಲಿ ಮಲ್ಲಿಗಮ್ಮ ಬುತ್ತಿ ಮುಗಿಸಿ ಕಾಲು ನೀಡಿಕೊಂಡು ಕೂತಿದ್ದಳು. ಚಂದ್ರಪ್ರಭಾ ಹಾಳೆಯನ್ನು ನರ್ಸಮ್ಮನ ಕೈಗೆ ಕೊಟ್ಟು, ಮಂಚದ ಬಳಿ ಬಂದಳು.

"ಅಜ್ಜಿ, ಬೆಳಿಗ್ಗೆ ಹೆಸರು ಇದೆ ಅಂದೆನಲ್ಲ. ಆಗ ನನಗೆ ಅದು ಕಾಣಲಿಲ್ಲ. ಸುಳ್ಳು ಹೇಳಿದೆ."

"ಈಗ್ ಕಂಡ್ತಾ?"

"ಕಂಡಿತು."

"ಮತ್ತೆ ಅದ್ಯಾವ್ ಸುಳ್ಳವ್ವಾ? ಇದ್ದಿದ್ದು ಇತ್ತು. ನಂಗೂ ಈ ಕಣ್ಣಲ್ಲಿ ಊರೇ ಕಾಣಾಕಿಲ್ಲ. ಇರಿಸಾವೆ ಎಲ್ಗ್ ಓದಾತು?"

ಚಂದ್ರಪ್ರಭಾ ಆ ದಿನ ಮೊದಲ ಸಲ ನಕ್ಕಳು. ಮನೆಗೆ ಬಂದಾಗ ಹೊತ್ತು ಮುಳುಗಲು ಇನ್ನೂ ಕಾಲು ಗಂಟೆಯಿತ್ತು. ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುವ ಮನೆ ಅದು. ನಾಗಕುಮಾರ ತಟ್ಟೆ ಹಾಕಿಟ್ಟು ಬಾಗಿಲಲ್ಲೇ ಕಾಯುತ್ತಿದ್ದ. ಅವಳು ಕೈಕಾಲು ತೊಳೆದು, ಹಸಿದ ಮಕ್ಕಳು ಉಣ್ಣುವ ಹಾಗೆ ತಲೆ ಎತ್ತದೆ ಉಂಡಳು.