ದನಿ ತೆಗೆದು ಓದುತ್ತಿದ್ದ ಕಾಕು

ಅಪ್ಪನ ಕಣ್ಣು ಮಂಜಾದ ಮೇಲೆ ದಿನಾ ಬೆಳಿಗ್ಗೆ ಪತ್ರಿಕೆ ಓದಿ ಹೇಳುವ ಕೆಲಸ ನನ್ನದಾಗಿದೆ. ಮೊನ್ನೆ ಪತ್ರಿಕೆ ಬಿಡಿಸಿದಾಗ ಹಸಿ ಮಸಿಯ ವಾಸನೆ ಎಂದಿಗಿಂತ ಜೋರಾಗಿ ಮೂಗಿಗೆ ಬಡಿಯಿತು. ಅದೇ ವಾಸನೆ... ನಾನು ಸಣ್ಣವಳಿದ್ದಾಗ ಬಾಗೇವಾಡಿಯಲ್ಲಿ ನಮ್ಮ ಪಕ್ಕದ ಮನೆಯಾಕೆಯ ಕೈಯಲ್ಲಿರುತ್ತಿತ್ತು; ಕಾಕು, ಅಂದರೆ ಚಿಕ್ಕಮ್ಮ ಎಂದೇ ಅವಳನ್ನು ಕರೆಯುತ್ತಿದ್ದೆ. ವಾರಪತ್ರಿಕೆ ಬಂದ ದಿನ ಅವಳು ಕೆನ್ನೆ ಚಿವುಟಿದರೆ ನನ್ನ ಮುಖಕ್ಕೂ ಮಸಿ ಹತ್ತುತ್ತಿತ್ತು.

ಕಾಕು ತಾಳಿಕೋಟೆಯ ಹೆಣ್ಣುಮಗಳು. ಮದುವೆಯಾಗಿ ಆರೇಳು ವರ್ಷವಾದರೂ ಮಕ್ಕಳಿರಲಿಲ್ಲ. ಗಂಡನದು ಬಜಾರಿನಲ್ಲಿ ಅರಿವೆ ಅಂಗಡಿ. ಅತ್ತೆ ಮಧ್ಯಾಹ್ನ ಮಠಕ್ಕೆ ಹೋಗುತ್ತಿದ್ದಳು. ಮನೆ ಖಾಲಿಯಾದ ಕೂಡಲೇ ಕಾಕು ಬಾಗಿಲು ಎಳೆದುಕೊಂಡು ಓದಲು ಕೂಡುತ್ತಿದ್ದಳು. ಮನಸ್ಸಿನಲ್ಲಿ ಓದುವುದು ಅವಳಿಗೆ ಬರುತ್ತಿರಲಿಲ್ಲ. ದನಿ ತೆಗೆದೇ ಓದಬೇಕು. ಅದೂ ಕಥೆಯಲ್ಲಿ ಮುದುಕಿ ಬಂದರೆ ಮುದುಕಿಯ ದನಿ, ಗಂಡಸು ಬಂದರೆ ಗಂಡಸಿನ ದಪ್ಪ ದನಿ. ಗೋಡೆಯ ಈಚೆ ಕೂತು ನಾನು ಎಷ್ಟು ಕಥೆ ಕೇಳಿದೆನೋ...

ಆ ದಪ್ಪ ದನಿ ಓಣಿಯವರ ಕಿವಿಗೂ ಬಿತ್ತು. ಗಂಡ ಅಂಗಡಿಗೆ ಹೋದ ಮೇಲೆ ಆ ಮನೆಯಲ್ಲಿ ಯಾರೋ ಗಂಡಸು ಮಾತಾಡುತ್ತಾನೆ ಎಂಬ ಸುದ್ದಿ ಹಬ್ಬಿತು. ಅದು ತನಗೆ ಗೊತ್ತಾದ ದಿನ ಕಾಕು ಅಂಜಿಕೊಂಡು ನಮ್ಮ ಮನೆಗೆ ಬಂದಳು. ಅಪ್ಪ ಶಾಲೆಯ ಮಾಸ್ತರರು; ಓದಿನ ವಿಷಯ ಇನ್ನಾರನ್ನು ಕೇಳಬೇಕು?

“ಮಾಸ್ತರ್ರ, ಬಾಯಿ ಮುಚ್ಚಿ ಓದಿದ್ರ ಒಂದಕ್ಷರನೂ ತಲ್ಯಾಗ ಇಳಿಯಂಗಿಲ್ರಿ. ಇದೇನರ ಜಡ್ಡ ಏನ್ರಿ?”

ಅಪ್ಪ ನಕ್ಕರು. “ಜಡ್ಡಲ್ಲವ್ವ, ಚಟ. ಸಾಲ್ಯಾಗ ಸಣ್ಣ ಹುಡುಗ್ರಿಗೆ ಬಿಡಸ್ತೀವಿ ನಾವು. ಮನಸ್ಸಿನ್ಯಾಗ ಓದೂದು ರೂಢಿ ಮಾಡ್ಕೋ, ಇಲ್ಲಾಂದ್ರ ಓದೂದ ಬಿಟ್ಟಬಿಡು.”

“ಮನಸ್ಸಿನ್ಯಾಗ ಓದಿದ್ರ ಮನ್ಯಾಗ ಯಾರ ದನಿನೂ ಇರಂಗಿಲ್ರಿ. ನನ್ನ ಕೂಡ ಯಾರೂ ಮಾತಾಡಂಗಿಲ್ಲ...”

ಅಪ್ಪ ಎದ್ದರು. ಹೊರಗೆ ಹೋಗಲು ಚಪ್ಪಲಿ ಮೆಟ್ಟಿಕೊಂಡರು.

ಕಾಕು ಬಾಯಲ್ಲಿ ಅಡಿಕೆ ಇಟ್ಟುಕೊಂಡು, ತುಟಿ ಬಿಗಿಹಿಡಿದು ಓದಿ ನೋಡಿದಳಂತೆ. ಕೆಲವು ದಿನ ಗೋಡೆಯಾಚೆ ಸಪ್ಪಳವೇ ಇರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಮತ್ತೆ ದನಿ ಕೇಳಿತು. ಅತ್ತೆ ಆ ದಿನ ಮಠಕ್ಕೆ ಹೋಗಿರಲಿಲ್ಲ. ಮಗನನ್ನೂ ಓಣಿಯ ನಾಲ್ಕು ಮಂದಿಯನ್ನೂ ಕರೆತಂದು ಬಾಗಿಲು ದೂಡಿದಳು. ಒಳಗೆ ಕಾಕು ಒಬ್ಬಳೇ, ತೊಡೆಯ ಮೇಲೆ ವಾರಪತ್ರಿಕೆ.

ಗಂಡಸು ಸಿಗಲಿಲ್ಲ. ಅಷ್ಟಕ್ಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಒಬ್ಬಳೇ ಕೂತು ಹತ್ತು ದನಿಯಲ್ಲಿ ಮಾತಾಡುತ್ತಾಳೆ, ಹುಚ್ಚು ಎಂದರು. ಗಂಡ ಅಪ್ಪನನ್ನು ಕರೆಸಿ, “ಮಾಸ್ತರ್ರ, ನೀವ ಹೇಳ್ರಿ. ತಲಿ ನೆಟ್ಟಗ ಇದ್ದವ್ರು ಹಿಂಗ ಓದ್ತಾರೇನ್ರಿ?” ಎಂದು ಕೇಳಿದ.

“ಆಕಿಗೂ ಸಂಶೇ ಬಂದಿತ್ತಪ. ಇದು ಜಡ್ಡ ಏನು ಅಂತ ತಾನ ಬಂದು ನನ್ನ ಕೇಳಿದ್ಲು,” ಎಂದರು ಅಪ್ಪ.

ಅಷ್ಟು ಸಾಕಾಯಿತು. ಅವಳೇ ಒಪ್ಪಿಕೊಂಡಿದ್ದಾಳೆ ಎಂದರು. ಕಾಕು ಅಪ್ಪನ ಮುಖ ನೋಡಿದಳು. ಅವಳ ಪುಸ್ತಕಗಳು ನೀರೊಲೆಗೆ ಹೋದವು. ಅವಳ ಅಣ್ಣ ಬಂದು ಅವಳನ್ನು ತಾಳಿಕೋಟೆಗೆ ಕರೆದೊಯ್ದ. ವರ್ಷ ತುಂಬುವುದರೊಳಗೆ ಗಂಡ ಇನ್ನೊಂದು ಮದುವೆಯಾದ. ಆ ಮದುವೆಯಲ್ಲಿ ನಾವೂ ಉಂಡು ಬಂದೆವು.

ಮೊನ್ನೆ ಆ ವಾಸನೆ ಬಡಿದ ಮೇಲೆ ಸುಮ್ಮನಿರಲಾಗಲಿಲ್ಲ, ತಾಳಿಕೋಟೆಯ ಬಸ್ಸು ಹತ್ತಿದೆ. ಕಾಕು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವಳ ಅತ್ತಿಗೆ ಚಹಾ ಕೊಟ್ಟು ಹೊಗಳಿದಳು: “ಭಾಳ ಚಲೋ ಹೆಣ್ಮಗಳ್ರಿ. ಇಷ್ಟ ವರ್ಷ ನಮ್ಮನ್ಯಾಗ ಇದ್ಲು, ಒಂದ ದಿನ ದನಿ ಎತ್ತಲಿಲ್ಲ.”

ಹಾಗಾದರೆ ಕಾಕುವಿನ ಆ ದನಿಗಳನ್ನು ಅಲ್ಲಿ ಯಾರೂ ಕೇಳಿಯೇ ಇಲ್ಲ...

ಮನೆಗೆ ಬಂದು ಅಪ್ಪನಿಗೆ ಹೇಳಿದೆ. “ಯಾರವ್ವಾ ಆಕಿ?” ಎಂದರು. ಹೆಸರು ಹೇಳಿದೆ, ಪಕ್ಕದ ಮನೆ ಎಂದೆ, ಅರಿವೆ ಅಂಗಡಿ ಎಂದೆ. ಅಂಗಡಿಯವ ನೆನಪಾದ. ಕಾಕು ನೆನಪಾಗಲಿಲ್ಲ.