ಮೇಷ್ಟ್ರುಗಳು ನನ್ನನ್ನು ಪರೀಕ್ಷೆ ಮಾಡಿದ ಶುಕ್ರವಾರ

ನನ್ನ ಮೊಮ್ಮಗಳು ಮೇಷ್ಟ್ರುಗಳಿಗೆ ಪಾಠ ಹೇಳುತ್ತಾಳೆ. ಲಿಂಗರಾಜಪುರದ ನಮ್ಮ ವಠಾರದಲ್ಲಿ ಈ ಮಾತು ತಿಳಿಯದ ಮನೆ ಉಳಿದಿಲ್ಲ. ಮೊನ್ನೆ ಹಾಲು ಹಾಕುವವನಿಗೆ ಹೇಳಿದರೆ, ‘ಹೋದ ವಾರಾನೂ ಹೇಳಿದ್ರಲ್ಲ ಅಜ್ಜಿ’ ಎಂದ. ಹೇಳಿದ್ದರೆ ಏನಾಯಿತು? ಸಂತೋಷವೇನು ಒಂದು ಸಲ ಹೇಳಿದರೆ ತೀರಿಹೋಗುತ್ತದೆಯೇ? ಈಗ ಬರೆದೂ ಇಡುತ್ತಿದ್ದೇನೆ. ನಾನು ಓದಿದ್ದು ಯಾದಗಿರಿ ಕಡೆಯ ನಮ್ಮ ಊರಿನಲ್ಲಿ ಎರಡನೇ ಇಯತ್ತೆಯವರೆಗೆ. ಅದೂ ಹಳ್ಳ ತುಂಬುವ ಮಳೆಗಾಲದಲ್ಲಿ ಹೋಗಿರಲಿಲ್ಲ. ಒಂದು ಪುಟ ಬರೆಯಲು ಒಂದು ಮಧ್ಯಾಹ್ನ ಹಿಡಿಯುತ್ತದೆ, ಹಿಡಿಯಲಿ.

ಮೊಮ್ಮಗಳು ನನ್ನ ಮಗಳ ಮಗಳು. ಮಗಳು ಗಾರ್ಮೆಂಟ್ಸಿಗೆ ಹೋಗುತ್ತಿದ್ದುದರಿಂದ ಹುಡುಗಿ ಬೆಳೆದದ್ದು ನನ್ನ ಮಡಿಲಲ್ಲಿ. ನಾಲ್ಕನೇ ತರಗತಿಗೆ ಬಂದರೂ ಎರಡು ಸಾಲು ಓದಲು ಅವಳಿಗೆ ಆಗುತ್ತಿರಲಿಲ್ಲ. ಕತೆ ಹೇಳಿ ನೋಡಿ, ಒಂದು ಸಲ ಕೇಳಿದರೆ ಸಾಕು, ನಡುವೆ ಕೆಮ್ಮಿದ್ದನ್ನೂ ಬಿಡದೆ ತಿರುಗಿ ಒಪ್ಪಿಸುವಳು. ಅದೇ ಕತೆಯನ್ನು ಪುಸ್ತಕದಲ್ಲಿ ಕೊಟ್ಟರೆ ಬೆರಳು ಮೊದಲ ಸಾಲಿನಲ್ಲೇ ನಿಂತುಬಿಡುತ್ತಿತ್ತು. ಒತ್ತಕ್ಷರ ಕಂಡರೆ ಕಣ್ಣಲ್ಲಿ ನೀರು. ಸೋಮಾರಿ ಎಂದರು ಕೆಲವರು. ಮನೆಯಲ್ಲಿ ಓದಿದವರಿಲ್ಲ, ಹೀಗೇ ಆಗುವುದು ಎಂದರು ಇನ್ನು ಕೆಲವರು. ಅವಳ ಶಾಲೆಗೆ ಹೊಸದಾಗಿ ಬಂದ ಒಬ್ಬ ಟೀಚರಮ್ಮ ಮಾತ್ರ ನಮ್ಮ ಕೋಣೆಗೇ ಬಂದು ಚಾಪೆಯ ಮೇಲೆ ಕೂತರು. ‘ಇದಕ್ಕೆ ಡಿಸ್ಲೆಕ್ಸಿಯಾ ಅಂತಾರೆ ಅಮ್ಮಾ. ಬುದ್ಧಿ ಚುರುಕಾಗೇ ಇರತ್ತೆ, ಅಕ್ಷರ ಮಾತ್ರ ಹತ್ತಲ್ಲ. ಬೇರೆ ದಾರೀಲಿ ಕಲಿಸ್ಬೇಕು’ ಎಂದರು.

ಆ ದಾರಿ ನಾನೂ ನೋಡಿದ್ದೇನೆ. ತಟ್ಟೆಯಲ್ಲಿ ಮರಳು ಹರವಿ ಬೆರಳಲ್ಲಿ ತಿದ್ದುವುದು, ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರವನ್ನು ಕಣ್ಣು ಮುಚ್ಚಿ ಸವರುವುದು, ಪ್ರತಿ ಅಕ್ಷರಕ್ಕೂ ಬಾಯಿಬಿಟ್ಟು ಅದರ ಸದ್ದು ಹೇಳುವುದು. ವರ್ಷಗಟ್ಟಲೆ ನಡೆಯಿತು. ಅವಳ ಪಕ್ಕದಲ್ಲಿ ಕೂತು ಕೂತು ಮರೆತುಹೋಗಿದ್ದ ಅಕ್ಷರ ನನಗೂ ತಿರುಗಿ ಬಂತು. ಅವಳು ಓದಿದಳು, ಕಾಲೇಜು ಮುಗಿಸಿದಳು, ಇಂಥ ಮಕ್ಕಳಿಗೆ ಕಲಿಸುವ ವಿದ್ಯೆಯನ್ನೇ ಕಲಿತಳು. ಈಗ ದೊಮ್ಮಲೂರಿನ ಒಂದು ಸಂಸ್ಥೆಯಲ್ಲಿ ಕೆಲಸ. ಅಲ್ಲಿಯವರು ಶಾಲೆಯ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಾರೆ. ಓದು ಹತ್ತದ ಮಗುವನ್ನು ಹೇಗೆ ಗುರುತಿಸಬೇಕು, ಯಾರ ಹತ್ತಿರ ಕಳಿಸಬೇಕು, ಕ್ಲಾಸಿನಲ್ಲಿ ಹೇಗೆ ಕೈಹಿಡಿಯಬೇಕು ಎಂದು.

ಈ ತರಬೇತಿ ಇಂಗ್ಲಿಷಿನಲ್ಲಿ ಚೆನ್ನಾಗಿ ನಡೆಯುತ್ತಿತ್ತು. ಕನ್ನಡದಲ್ಲಿ ಹಿಂದೆ ಯಾರೋ ಒಮ್ಮೆ ನಡೆಸಿದಾಗ, ಊಟಕ್ಕೆ ಬಿಟ್ಟಾಗಲೇ ಸಹಿ ಹಾಕಿ ಅರ್ಧ ಜನ ಜಾಗ ಖಾಲಿ ಮಾಡಿದ್ದರಂತೆ. ಅವಳ ಮೇಲಿನ ಮೇಡಂ ಈ ಸಲದ ಎರಡು ದಿನದ ತರಬೇತಿಯನ್ನು ಇವಳಿಗೆ ಒಪ್ಪಿಸಿ, ‘ಈ ಎರಡು ದಿನಾನೂ ಹಾಗೇ ಆದ್ರೆ ಕನ್ನಡದ ಬ್ಯಾಚು ನಿಲ್ಲಿಸಿಬಿಡೋಣ’ ಎಂದಿದ್ದರು. ನಿಂತರೆ ಇವಳು ತಿರುಗಿ ಇಂಗ್ಲಿಷ್ ಬ್ಯಾಚಿನಲ್ಲಿ ಕಾಗದ ಹಂಚುವವಳು. ನಮ್ಮಂಥವರ ಮಕ್ಕಳು ಓದುವ ಶಾಲೆಗಳಿಗೆ ಆ ವಿದ್ಯೆ ಬರುವುದೂ ಅಲ್ಲಿಗೆ ನಿಂತಿತು. ಆ ವಾರವೆಲ್ಲ ಅವಳು ಅನ್ನಕ್ಕೆ ಸಾರು ಹಾಕಿಕೊಳ್ಳುವುದನ್ನೂ ಮರೆಯುತ್ತಿದ್ದಳು.

ಬುಧವಾರ ನನ್ನನ್ನು ಕೇಳಿದಳು, ‘ಆಯಿ, ಶುಕ್ರವಾರ ನನ್ ಜೊತೆ ಹಲಸೂರಿಗೆ ಬರ್ತೀಯಾ? ಮೇಷ್ಟ್ರುಗಳು ಪರೀಕ್ಷೆ ಮಾಡೋದನ್ನ ಅಭ್ಯಾಸ ಮಾಡ್ಬೇಕು. ಅವ್ರಿಗೆ ಒಬ್ರು ಬೇಕು.’

‘ನಾ ಯಾಕವ್ವ? ಒಂದು ಕೂಸಿನ್ನ ಕೂಡಿಸು.’

‘ಮಗೂನ ಅಷ್ಟು ಜನದ ಮುಂದೆ ಕೂರಿಸಿ ಓದು ಅನ್ನಲ್ಲ. ನನ್ನ ಕೂರಿಸಿದ್ರು. ಇನ್ನೊಬ್ರಿಗೆ ಬೇಡ.’

ಬರ್ತೀನಿ ಎಂದೆ. ಒಂದೇ ಷರತ್ತು ಹಾಕಿದಳು: ‘ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳ್ಬೇಕು. ಕೇಳದೇ ಇದ್ದಿದ್ದು ಹೇಳ್ಬಾರ್ದು. ಹೇಳ್ದೇ ಇರೋಕೆ ಆಗತ್ತಾ ನಿನ್ ಕೈಲಿ?’ ಮಗಳು ಒಲೆಯ ಹತ್ತಿರದಿಂದ ನಕ್ಕಳು. ‘ಅದರಕಿಂತ ಎವರೆಸ್ಟ್ ಹತ್ತು ಅಂತ ಹೇಳು, ಹತ್ತತಾಳ’ ಎಂದಳು.

ತರಬೇತಿ ಇಟ್ಟಿದ್ದ ಹಲಸೂರಿನ ಶಾಲೆಯ ಹಾಲಿನಲ್ಲಿ ಫ್ಯಾನು ಗರಗರ ತಿರುಗುತ್ತಿತ್ತು. ಶಿವಾಜಿನಗರ, ಹಲಸೂರು, ಕೆ.ಆರ್. ಪುರ ಎಲ್ಲ ಕಡೆಯ ಮೇಷ್ಟ್ರುಗಳು, ಟೀಚರಮ್ಮಗಳು ಬಂದಿದ್ದರು. ಮೊದಲ ಬೆಂಚಿನಲ್ಲಿ ಕೆ.ಆರ್. ಪುರದ ಹಿರಿಯ ಮೇಷ್ಟ್ರು ಒಬ್ಬರು, ನಿವೃತ್ತಿಗೆ ಹತ್ತಿರ ಬಂದವರು. ನನ್ನ ಮೊಮ್ಮಗಳು ಮುಂದೆ ಬಂದು ನಿಂತಾಗ ಪಕ್ಕದವರಿಗೆ, ‘ಈ ಮಗು ವಯಸ್ಸಿಗಿಂತ ನನ್ ಸರ್ವೀಸು ಜಾಸ್ತಿ ಕಣ್ರೀ. ಮಧ್ಯಾಹ್ನ ಮೆಟ್ರೋ ಖಾಲಿ ಇರತ್ತೆ, ಹೊರಟುಬಿಡೋಣ’ ಎಂದರು. ಹಿಂದಿನ ಬೆಂಚಿನಲ್ಲಿದ್ದ ನನಗೇ ಕೇಳಿಸಿತು ಎಂದ ಮೇಲೆ ಅವಳಿಗೆ ಕೇಳಿಸದೆ ಇರುತ್ತದೆಯೇ? ಕೇಳಿಸದವಳ ಹಾಗೆ ಎಲ್ಲರಿಗೂ ನಮಸ್ಕಾರ ಹೇಳಿ ಶುರು ಮಾಡಿದಳು.

ಹನ್ನೊಂದರ ಟೀ ಆದ ಮೇಲೆ ನನ್ನನ್ನು ಮುಂದೆ ಕರೆದಳು. ‘ಇವ್ರು ನಮ್ಮಜ್ಜಿ. ಇವತ್ತು ನಿಮ್ಮ ವಿದ್ಯಾರ್ಥಿ. ಇವ್ರಿಗೆ ಓದಿನ ತೊಡಕು ಇದೆ ಅನ್ನೋ ಅನುಮಾನ ಬರತ್ತಾ ಇಲ್ವಾ, ನೀವು ನೋಡಿ ಹೇಳ್ಬೇಕು. ಬೆಳಿಗ್ಗೆ ಹೇಳಿದ್ದೆಲ್ಲ ಉಪಯೋಗಿಸಿ. ಏನು ಬೇಕಾದ್ರೂ ಕೇಳಿ.’ ಹೇಳಿ, ಕಿಟಕಿಯ ಪಕ್ಕ ಹೋಗಿ ನಿಂತಳು.

ಅವರು ಗುಂಪು ಗುಂಪಾಗಿ ಬಂದರು. ಎಷ್ಟು ಮರ್ಯಾದೆ ಎನ್ನುತ್ತೀರಿ. ಒಬ್ಬರು ಕುರ್ಚಿಗೆ ಮೆತ್ತೆ ಹಾಕಿದರು. ಶಿವಾಜಿನಗರದ ಉರ್ದು ಶಾಲೆಯ ಟೀಚರಮ್ಮ, ‘ಅಮ್ಮಾ, ಫ್ಯಾನ್ ಗಾಳಿ ಜಾಸ್ತಿ ಆಯ್ತಾ?’ ಎಂದು ಕೇಳಿ ನನ್ನ ಸೆರಗು ಸರಿ ಮಾಡಿದರು. ಓದಲು ಒಂದು ಪುಟ ಕೊಟ್ಟರು. ನಾನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ, ನಡುವೆ ಸಾಲು ತಪ್ಪಿತು. ಬರೆಯಲು ಹೇಳಿದರು, ಬರೆದೆ, ದೀರ್ಘಗಳು ಕೆಲವು ಬಿಟ್ಟುಹೋದವು. ನಾನು ಅಕ್ಷರಕ್ಕೆ ತಡೆದು ನಿಂತರೆ ಆ ಟೀಚರಮ್ಮ, ‘ನಿಧಾನ, ನಿಧಾನ’ ಎನ್ನುತ್ತ ಮುಂದಿನ ಅಕ್ಷರವನ್ನು ತಾವೇ ಹೇಳಿಬಿಡುತ್ತಿದ್ದರು. ನನ್ನ ಮೊಮ್ಮಗಳು ಕಿಟಕಿಯಿಂದ, ‘ಹೇಳ್ಕೊಡ್ಬೇಡಿ ಮೇಡಂ’ ಎಂದರೆ, ‘ಪಾಪ ಅಲ್ವಾ’ ಎಂದರು.

ಆಮೇಲೆ ಸದ್ದಿನ ಆಟ. ಹಲಸೂರಿನ ಚಿಕ್ಕ ವಯಸ್ಸಿನ ಟೀಚರಮ್ಮ, ಅಜ್ಜಿಗೆ ತಮಿಳಿನಲ್ಲಿ ಪಾಟಿ ಎನ್ನುವವಳು, ಕೇಳಿದಳು: ‘ಪಾಟಿ, ನಾನು ಪಾತರಗಿತ್ತಿ ಅಂತೀನಿ. ಅದ್ರಲ್ಲಿ ಪಾ ತೆಗೆದು ಹೇಳಿ.’

‘ತರಗಿತ್ತಿ.’

‘ಸರಪಳಿ. ಹಿಂದಿನಿಂದ ಹೇಳಿ.’

‘ಳಿಪರಸ.’

ಅವಳು ತನ್ನ ಬೆರಳ ಮೇಲೆ ಎಣಿಸಿ ನೋಡುವುದರೊಳಗೆ ನಾನು ಹೇಳಿ ಆಗಿತ್ತು. ನಮ್ಮ ಊರಿನಲ್ಲಿ ಹುಡುಗಿಯರೆಲ್ಲ ದೊಡ್ಡವರಿಗೆ ತಿಳಿಯದ ಹಾಗೆ ಕ-ಭಾಷೆ ಆಡುತ್ತಿದ್ದೆವು, ಪ್ರತಿ ಅಕ್ಷರಕ್ಕೆ ಮೊದಲು ಒಂದು ಕ ಸೇರಿಸಿ. ಮನೆಗೆ ಬಾ ಎನ್ನಬೇಕಾದರೆ ‘ಕಮ ಕನೆ ಕಗೆ ಕಬಾ’. ಇಡೀ ಜಗಳವನ್ನೇ ಆ ಭಾಷೆಯಲ್ಲಿ ಆಡಿದವರು ನಾವು. ಇದನ್ನೆಲ್ಲ ಹೇಳಬೇಕೆಂದು ನನ್ನ ನಾಲಗೆ ತುರಿಸುತ್ತಿತ್ತು. ಆದರೆ ಯಾರೂ ಕೇಳಲಿಲ್ಲ. ಹಲ್ಲು ಕಚ್ಚಿ ಕೂತೆ.

ಎಲ್ಲ ಗುಂಪೂ ಸೇರಿ ಮಾತಾಡಿದವು. ಹಿರಿಯ ಮೇಷ್ಟ್ರು ಎದ್ದು ನಿಂತು, ‘ಅಮ್ಮನವರ ಓದು ನಿಧಾನ, ಸಾಲು ತಪ್ಪತ್ತೆ, ಬರೆಯೋದ್ರಲ್ಲೂ ತಪ್ಪಿದೆ. ತೊಡಕಿನ ಅನುಮಾನ ಇದೆ. ತಜ್ಞರ ಹತ್ರ ಕಳಿಸ್ಬೇಕು’ ಎಂದರು. ಉಳಿದವರೂ ಅದನ್ನೇ ಹೇಳಿದರು. ಹಲಸೂರಿನ ಚಿಕ್ಕ ಟೀಚರಮ್ಮ ಮಾತ್ರ, ‘ಸದ್ದೆಲ್ಲ ಪಟಪಟ ಹೇಳಿದ್ರು, ಅದೇ ಅರ್ಥ ಆಗ್ಲಿಲ್ಲ’ ಎಂದಳು.

ನನ್ನ ಮೊಮ್ಮಗಳು ಕಿಟಕಿ ಬಿಟ್ಟು ನನ್ನ ಪಕ್ಕ ಬಂದು ನಿಂತಳು. ‘ಇವ್ರು ಶಾಲೆಗೆ ಎಷ್ಟು ವರ್ಷ ಹೋಗಿದ್ದಾರೆ ಅಂತ ಯಾರು ಕೇಳಿದ್ರಿ?’

ಉರ್ದು ಶಾಲೆಯ ಟೀಚರಮ್ಮ ಬಾಯಿಬಿಟ್ಟರು. ‘ಹೆಂಗ್ ಕೇಳೋದು ಮೇಡಂ? ದೊಡ್ಡೋರು. ನಿಮ್ಮಜ್ಜಿ ಬೇರೆ. ಓದಿದೀರಾ ಅಂತ ಮುಖದ ಮೇಲೆ ಕೇಳಿದ್ರೆ ಅವ್ರಿಗೆ ಬೇಜಾರಾಗಲ್ವಾ?’

‘ಆಯಿ, ಈಗ ಹೇಳು’ ಎಂದಳು. ಅಣೆಕಟ್ಟೆಯ ಬಾಗಿಲು ತೆರೆದ ಹಾಗಾಯಿತು ನನಗೆ. ಎರಡನೇ ಇಯತ್ತೆ, ಮಳೆಗಾಲದ ಹಳ್ಳ, ಕ-ಭಾಷೆ, ಮರಳಿನ ತಟ್ಟೆ ಎಲ್ಲ ಹೇಳಿದೆ. ಅವಳೇ ನನ್ನ ಭುಜ ಮುಟ್ಟಿ ಸಾಕು ಎನ್ನಬೇಕಾಯಿತು.

ಆಮೇಲೆ ಅವಳು ಹೇಳಿದ್ದನ್ನು ನಾನು ಮರೆಯುವುದಿಲ್ಲ. ‘ನಮ್ಮಜ್ಜಿಗೆ ತೊಡಕು ಅನ್ನೋಕೆ ಆಧಾರ ಇಲ್ಲ. ಸದ್ದೆಲ್ಲ ಸರಿಯಾಗಿ ಬಿಡಿಸ್ತಾರೆ. ಕಲಿಯೋಕೆ ಸಿಕ್ಕಿದ್ದೇ ಕಡಿಮೆ, ಸಿಕ್ಕಿದಷ್ಟು ಕಲಿತಿದ್ದಾರೆ. ನಿಮ್ಮ ಕ್ಲಾಸಲ್ಲೂ ಇಂಥ ಮಕ್ಕಳಿದ್ದಾರೆ. ಊರಿಂದ ನಡುವಲ್ಲಿ ಬಂದು ಸೇರಿದೋರು, ಮನೇಲಿ ಬೇರೆ ಮಾತು ಆಡೋರು, ಹಬ್ಬಕ್ಕೆ ಅಂತ ಹೋಗಿ ತಿಂಗಳುಗಟ್ಲೆ ಬರದೇ ಇರೋರು. ಅವರ ಪಕ್ಕದಲ್ಲೇ ಇನ್ನೊಂದು ಮಗು ಇರತ್ತೆ, ಒಂದು ದಿನಾನೂ ತಪ್ಪಿಸಿಲ್ಲ, ಕೇಳಿದ್ದೆಲ್ಲ ಬಾಯಲ್ಲಿ ಹೇಳತ್ತೆ, ಸರಪಳಿಯಲ್ಲಿ ಸ ತೆಗೆ ಅಂದ್ರೆ ಮಾತ್ರ ತಡವರಿಸತ್ತೆ. ಆ ಮಗು ನಾನು. ಎರಡೂ ಬಗೆಯ ಮಕ್ಕಳು ಓದೋದು ಒಂದೇ ಥರ ಕೇಳಿಸತ್ತೆ. ಕೇಳದೇ ಇದ್ರೆ ಬೇರೆ ಮಾಡೋಕಾಗಲ್ಲ. ಮನೆಯೋರಿಗೆ ಬೇಜಾರಾಗತ್ತೆ ಅಂತ ನಾವು ಕೇಳಲ್ಲ. ಮೆತ್ತಗೆ ಕೇಳೋದು ಹೇಗೆ ಅಂತ ನಾಳೆ ಕಲಿಯೋಣ. ಈಗ ಊಟ.’

ಊಟದ ಹೊತ್ತಿನಲ್ಲಿ ನಾವಿಬ್ಬರೂ ಹಿಂದಿನ ಮೆಟ್ಟಿಲ ಮೇಲೆ ಕೂತೆವು. ನಾನು ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಚಟ್ನಿ ಅವಳ ಮುಂದೆ ಹಾಗೇ ಇತ್ತು.

‘ತಪ್ಪು ಮಾಡ್ಬಿಟ್ಟೆ ಆಯಿ. ಅಷ್ಟು ಹಿರಿಯರು, ಎಲ್ರ ಮುಂದೆ ತಪ್ಪು ಅಂದಹಾಗಾಯ್ತು. ಹೊರಟೋಗ್ತಾರೆ.’

‘ಹೋಗೋರು ಹೋಗ್ತಾರ. ನೀ ಖರೇ ಮಾತು ಹೇಳೀದಿ. ಉಣ್ಣು.’

‘ಅಷ್ಟು ಸಲೀಸಾ?’

‘ಸಲೀಸ ಇಲ್ಲ. ಅದಕ್ಕೇ ಉಣ್ಣು ಅನ್ಲಿಕತ್ತೀನಿ.’

ಬಾಯಲ್ಲಿ ಹೀಗೆ ಅಂದೆ. ಕಿವಿ ಮಾತ್ರ ಹೊರಗೇ ಇತ್ತು. ಗೇಟಿನ ಕಡೆಯಿಂದ ಸ್ಕೂಟರ್ ಶುರುವಾದ ಸದ್ದು ಬಂತು. ಇಬ್ಬರೂ ಕತ್ತು ಉದ್ದ ಮಾಡಿ ನೋಡಿದೆವು. ಪಕ್ಕದ ಅಂಗಡಿಯವನು.

ತಿರುಗಿ ಒಳಗೆ ಹೋಗುವಾಗ ಅವಳು ನನ್ನನ್ನು ಮುಂದೆ ಬಿಟ್ಟಳು. ತಾನು ಮೊದಲು ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ. ಬೆಂಚುಗಳು ತುಂಬಿದ್ದವು. ಸಾಲದ್ದಕ್ಕೆ ಅವರು ಬೆಂಚುಗಳನ್ನು ಎಳೆದು ವೃತ್ತ ಮಾಡಿಕೊಂಡು ತಮ್ಮತಮ್ಮಲ್ಲೇ ವಾದಕ್ಕೆ ಬಿದ್ದಿದ್ದರು, ಯಾವ ಮಗುವಿಗೆ ಏನು ಎಂದು. ಹಿರಿಯ ಮೇಷ್ಟ್ರು ಇವಳನ್ನು ಕಂಡದ್ದೇ ಕೈಯೆತ್ತಿದರು, ಮಕ್ಕಳು ಎತ್ತುವ ಹಾಗೆ.

‘ಮೇಡಂ, ನನ್ ಕ್ಲಾಸಲ್ಲಿ ಒಂದು ಹುಡುಗಿ. ಅಪ್ಪ ಅಮ್ಮ ಕಟ್ಟಡದ ಕೆಲಸ, ರಾಯಚೂರು ಕಡೆಯೋರು. ಎರಡು ವರ್ಷದಿಂದ ಅವಳಿಗೆ ಓದೇ ಬರ್ತಿಲ್ಲ. ಊರಿಂದ ಬಂದಿದಾಳೆ, ಅದಕ್ಕೇ ಅನ್ಕೊಂಡು ಸುಮ್ನಿದ್ದೆ. ಈಗ ಯೋಚನೆ ಮಾಡಿದ್ರೆ ಅವಳು ಒಂದು ದಿನಾನೂ ರಜಾ ಹಾಕಿಲ್ಲ. ಲೆಕ್ಕ ಬಾಯಲ್ಲೇ ಮಾಡ್ತಾಳೆ. ನಾನು ಏನು ಕೇಳ್ಬೇಕು, ಯಾರನ್ನ ಕೇಳ್ಬೇಕು?’

ಅವಳು ಅವರ ಎದುರು ಕುರ್ಚಿ ಎಳೆದುಕೊಂಡು ಕೂತಳು. ಸಂಜೆ ಮುಗಿಯುವ ಹೊತ್ತು ದಾಟಿದರೂ ಯಾರೂ ಗಡಿಯಾರ ನೋಡಲಿಲ್ಲ, ವಾಚ್‌ಮನ್ ಬಂದು ಬೀಗದ ಗೊಂಚಲು ಅಲ್ಲಾಡಿಸುವವರೆಗೆ.

ಮಾರನೆಯ ದಿನ ನನಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಹೋದೆ. ಯಾರು ಬೇಡ ಅನ್ನುತ್ತಾರೆ? ಹಿರಿಯ ಮೇಷ್ಟ್ರು ಎಲ್ಲರಿಗಿಂತ ಮೊದಲೇ ಬಂದಿದ್ದರು. ಹಿಂದಿನ ಸಂಜೆ ಆ ಹುಡುಗಿಯ ತಾಯಿಗೆ ಫೋನು ಮಾಡಿ, ಮೊದಲು ಊರಿನ ಮಳೆಯ ವಿಚಾರ ಕೇಳಿ, ಆಮೇಲೆ ಮೆಲ್ಲಗೆ ಹುಡುಗಿ ಮೊದಲು ಯಾವ ಶಾಲೆಯಲ್ಲಿದ್ದಳು, ಕಣ್ಣು ಕಿವಿ ತೋರಿಸಿದ್ದೀರಾ ಎಂದೆಲ್ಲ ಕೇಳಿದ್ದರಂತೆ. ‘ಬೇಜಾರು ಮಾಡ್ಕೊಳ್ಲಿಲ್ಲ. ಇಷ್ಟು ದಿನ ಯಾರೂ ಕೇಳಿರಲಿಲ್ಲ ಸಾರ್ ಅಂದ್ಲು’ ಎಂದು ಎಲ್ಲರಿಗೂ ಹೇಳುತ್ತ ತಿರುಗಿದರು.

ಮಧ್ಯಾಹ್ನ ಇಬ್ಬಿಬ್ಬರು ಎದುರುಬದುರು ಕೂತು ಅಭ್ಯಾಸ ಮಾಡುತ್ತಿದ್ದರು. ಒಬ್ಬರು ಮಗು, ಒಬ್ಬರು ಮೇಷ್ಟ್ರು. ಉರ್ದು ಶಾಲೆಯ ಟೀಚರಮ್ಮ ಹೇಳಿಕೊಡಬಾರದೆಂದು ತಮ್ಮ ಬಾಯಿಗೆ ದುಪಟ್ಟಾ ಅಡ್ಡ ಹಿಡಿದಿದ್ದರು. ಸಂಸ್ಥೆಯ ಮೇಡಂ ಅಷ್ಟು ಹೊತ್ತಿಗೆ ಬಂದು ಬಾಗಿಲಲ್ಲೇ ನಿಂತರು. ಹಾಲು ತುಂಬ ಜನ, ತುಂಬ ಸದ್ದು. ಅವರು ನನ್ನ ಮೊಮ್ಮಗಳಿಗಾಗಿ ಬೋರ್ಡಿನ ಹತ್ತಿರ ಹುಡುಕಿದರು, ಅಲ್ಲಿ ಕಾಣಲಿಲ್ಲ. ಅವಳು ಹಿಂದಿನ ಬೆಂಚಿನಲ್ಲಿ, ನನ್ನ ಪಕ್ಕದಲ್ಲಿ ಕೂತಿದ್ದಳು. ಆ ಹೊತ್ತಿಗೆ ಅಲ್ಲಿ ಯಾರಿಗೂ ಅವಳು ಬೇಕಾಗಿರಲಿಲ್ಲ.

ಮೇಡಂ ನಮ್ಮ ಹತ್ತಿರ ಬಂದು ಬಗ್ಗಿ, ‘ಮುಂದಿನ ಬ್ಯಾಚು ಕೆ.ಆರ್. ಪುರದಲ್ಲಿ. ಅದಾದ್ಮೇಲೆ ಶಿವಾಜಿನಗರ. ನೀವೇ ನೋಡ್ಕೊಳ್ಳಿ’ ಎಂದು ಮೆಲ್ಲಗೆ ಹೇಳಿದರು. ಇವಳು ತಲೆಯಾಡಿಸಿದಳು. ಬೆಂಚಿನ ಕೆಳಗೆ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳು ಎಂದರೆ ಬಳೆ ಒತ್ತಿ ಗುರುತು ಬಿತ್ತು. ಅದನ್ನೂ ವಠಾರದಲ್ಲಿ ಎಲ್ಲರಿಗೂ ತೋರಿಸಿದ್ದೇನೆ.