ಸೇತುವೆ ಕಾಯುವ ಅತ್ತೆ

ಅತ್ತೆಯನ್ನು ಮನಸ್ಸಿನಲ್ಲೇ ರಾಕ್ಷಸಿ ಎಂದುಕೊಂಡ ಅಳಿಯಂದಿರು ಲೋಕದಲ್ಲಿ ಬೇಕಾದಷ್ಟು ಇದ್ದಾರು. ಆದರೆ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು, ಮುಖದ ಮೇಲೆ ಬೆಳಕು ಸರಿಯಾಗಿ ಬೀಳಲೆಂದು ಕುರ್ಚಿ ಸರಿಸಿ, ರಾಕ್ಷಸಿಯಾಗಿ ಚಿತ್ರ ಬರೆದು ಪರದೇಶಕ್ಕೆ ಕಳಿಸಿದವನು ಬಹುಶಃ ನಾನೊಬ್ಬನೇ. ಅದೂ ಅವರ ಒಪ್ಪಿಗೆಯಿಂದ. ಹೇಗೆಂದು ವಿವರಿಸದಿದ್ದರೆ ನೀವು ನನ್ನನ್ನು ತಪ್ಪು ತಿಳಿಯುತ್ತೀರಿ.

ನಾನು ಧಾರವಾಡದವನು. ಚಿತ್ರಕಲೆ ಕಲಿತು ಪುಣೆಗೆ ಬಂದೆ. ತೊಂಬತ್ತರ ದಶಕವೆಲ್ಲ ಶಿವಾಜಿನಗರದ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ಕೂತು ಶಾಲೆಯ ಪುಸ್ತಕಗಳಿಗೆ ನವಿಲು, ದೀಪಾವಳಿ ಸಂಚಿಕೆಗಳಿಗೆ ಹಣತೆ ಹಿಡಿದ ಹೆಂಗಸರು, ಕ್ಯಾಲೆಂಡರುಗಳಿಗೆ ದೇವರು, ಹೀಗೆ ಕೇಳಿದವರಿಗೆ ಕೇಳಿದ್ದನ್ನು ಬರೆದುಕೊಟ್ಟೆ. ಹೊಸ ಶತಮಾನದ ಜೊತೆಗೆ ಕಂಪ್ಯೂಟರೂ ಬಂತು, ದೇವರು ನನ್ನ ಕೈಬಿಟ್ಟ. ಕ್ಯಾಲೆಂಡರಿನವರು ಹಳೆಯ ದೇವರನ್ನೇ ಸ್ಕ್ಯಾನ್ ಮಾಡಿ ಹಿನ್ನೆಲೆಯ ಬಣ್ಣ ಬದಲಿಸತೊಡಗಿದರು. ಆ ಹೊತ್ತಿಗೆ ವಿಮಾನ ನಗರದ ಒಂದು ಸಣ್ಣ ಕಂಪನಿಯಿಂದ ಕರೆ ಬಂತು. ಹೊರದೇಶದ ಆಟದ ಪುಸ್ತಕಗಳಿಗೆ ಚಿತ್ರ ಮಾಡಿಸಿ ಕಳಿಸುವುದು ಅವರ ಕೆಲಸ. ಅಲ್ಲಿ ಚಿತ್ರ ವಿಭಾಗ ನೋಡಿಕೊಳ್ಳುತ್ತಿದ್ದವನು ಕಾರ್ತಿಕ್ ಎಂಬ ಮೈಸೂರಿನ ತರುಣ.

ಆಟ ಏನೆಂದು ಅವನೇ ತಿಳಿಸಿಕೊಟ್ಟ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕತೆ ಹೇಳುವವನು. ಉಳಿದವರದು ಒಂದೊಂದು ಪಾತ್ರ: ಕತ್ತಿಯವನು, ಮಂತ್ರವಾದಿ, ಕಳ್ಳ. ‘ಎದುರಿಗೆ ಗುಹೆಯಿದೆ, ಏನು ಮಾಡುತ್ತೀರಿ?’ ಎಂದು ಕತೆಗಾರ ಕೇಳಿದರೆ, ಆಟಗಾರ ತನಗೆ ತೋಚಿದ್ದನ್ನು ಹೇಳಿ ದಾಳ ಉರುಳಿಸುತ್ತಾನೆ. ದಾಳ ಬಿದ್ದಂತೆ ಕತೆ ಸಾಗುತ್ತದೆ. ಪಗಡೆಯಲ್ಲಿ ರಾಜ್ಯ ಸೋತವರ ನಾಡಿನಲ್ಲಿ ಹುಟ್ಟಿದವನಿಗೆ ದಾಳದ ಮಹಿಮೆ ಹೊಸದಲ್ಲ. ವೇಷವೂ ಹೊಸದಲ್ಲ. ನಮ್ಮ ಓಣಿಯ ದರ್ಜಿ ಬಯಲಾಟದಲ್ಲಿ ಕಿರೀಟ ಇಟ್ಟ ಮೇಲೆ ಹೆಂಡತಿ ಕೂಗಿದರೂ ತಿರುಗುತ್ತಿರಲಿಲ್ಲ. ಆಕೆ ಕರೆದದ್ದು ದರ್ಜಿಯನ್ನು, ತಾನೀಗ ಅರಸು ಎಂಬುದು ಅವನ ವಾದ.

ಬರೆಯಲು ನನಗೆ ಕೊಟ್ಟ ದೃಶ್ಯ ಹೀಗಿತ್ತು. ಆಳವಾದ ಕಣಿವೆ, ಮಂಜು, ಸಂಜೆ. ಕಣಿವೆಗೆ ಅಡ್ಡವಾಗಿ ಹಗ್ಗದ ಸೇತುವೆ. ಈಚೆ ತುದಿಯಲ್ಲಿ ನಾಲ್ವರು ಸಾಹಸಿಗಳು, ಆಚೆ ತುದಿಯಲ್ಲಿ ಸೇತುವೆ ಕಾಯುತ್ತ ದಾರಿಹೋಕರನ್ನು ತಿನ್ನುವ ಮುದುಕಿ. ಚಿತ್ರ ನೋಡಿದ ಆಟಗಾರರಿಗೆ ಮುಂದಿನ ಹೆಜ್ಜೆ ಇಡಲು ಭಯವಾಗಬೇಕು.

ಕಣಿವೆಯನ್ನು ಕಣ್ಣಾರೆ ನೋಡೋಣವೆಂದು ಮಳೆಗಾಲದಲ್ಲಿ ಹತ್ತಿರದ ಘಟ್ಟದ ಊರು ಲೋಣಾವಳಾಕ್ಕೆ ಹೋದೆ. ಕಣಿವೆ ಕಾಣಲಿಲ್ಲ, ಮಂಜೇ ಕಂಡಿತು. ಮಂಜಿನೊಳಗಿಂದ ಜೋಳದ ತೆನೆ ಸುಡುವ ವಾಸನೆ ಬರುತ್ತಿತ್ತು. ಒಂದು ಪೊಟ್ಟಣ ಚಿಕ್ಕಿ ಮತ್ತು ನೆಗಡಿಯೊಂದಿಗೆ ಮರಳಿದೆ. ಆದರೂ ಮಂಜನ್ನು ಬರೆಯುವುದೆಂದರೆ ಕಾಗದವನ್ನು ಖಾಲಿ ಬಿಡುವ ಧೈರ್ಯ ಮಾಡುವುದು ಎಂದಷ್ಟು ಅಲ್ಲಿ ಕಲಿತೆ.

ತೊಡಕಾದದ್ದು ಮುದುಕಿಯದು. ನಮ್ಮ ಕ್ಯಾಲೆಂಡರುಗಳಲ್ಲಿ ರಾಕ್ಷಸರನ್ನು ಗುರುತಿಸುವುದು ಸುಲಭ, ಮೀಸೆ ಮತ್ತು ಹೊಟ್ಟೆ ಸಾಕು. ಮುದುಕಿಗೆ ಎರಡನ್ನೂ ಕೊಡುವಂತಿರಲಿಲ್ಲ. ನನ್ನ ಮೊದಲ ಪೆನ್ಸಿಲ್ ಚಿತ್ರ ನೋಡಿ ಕಾರ್ತಿಕ್, ಈಕೆ ಆಶೀರ್ವಾದ ಮಾಡುವ ಹಾಗಿದ್ದಾಳೆ ಎಂದ. ಕೋರೆಹಲ್ಲು ಇಟ್ಟು, ನಾಲಗೆ ಇಳಿಬಿಟ್ಟು ಮತ್ತೊಂದು ಒಯ್ದೆ. ಅದನ್ನು ನೋಡಿ ನಕ್ಕುಬಿಟ್ಟ. ಆಮೇಲೆ ಸಂಕೋಚದಿಂದ ಹೇಳಿದ: “ಸರ್, ಇನ್ನೊಂದ್ಸಲ ಟ್ರೈ ಮಾಡಿ. ಈ ಸಲಾನೂ ಆಗ್ಲಿಲ್ಲ ಅಂದ್ರೆ ಬೇರೆಯವ್ರಿಗೆ ಕೊಡ್ಬೇಕಾಗುತ್ತೆ.”

ಇಪ್ಪತ್ತು ವರ್ಷ ಕುಂಚ ಹಿಡಿದವನಿಗೆ ಮಗನ ವಯಸ್ಸಿನವನು ಇಷ್ಟು ಮೆತ್ತಗೆ ಹೇಳಿದ್ದೇ ಹೆಚ್ಚು ಚುಚ್ಚಿತು. ಈ ಕೆಲಸ ಹೋದರೆ ನನಗೆ ಬೇರೆ ಕೆಲಸವೂ ಇರಲಿಲ್ಲ.

ಆ ದಿನಗಳಲ್ಲಿ ಅತ್ತೆ ಬೆಳಗಾವಿಯಿಂದ ಕಣ್ಣಿನ ಪೊರೆಯ ಆಪರೇಶನ್ನಿಗೆಂದು ನಮ್ಮಲ್ಲಿಗೆ ಬಂದಿದ್ದರು. ಅಂಗಡಿ ಬಿಟ್ಟು ಬರಲಾಗದೆ ಮಾವ ಊರಲ್ಲೇ ಉಳಿದಿದ್ದರು. ಅತ್ತೆ ನನ್ನೊಂದಿಗೆ ಮಾತಾಡುತ್ತಿರಲಿಲ್ಲ. ಮಗಳಿಗೆ ಬ್ಯಾಂಕಿನ ವರ ನೋಡಿಟ್ಟಿದ್ದರು. ಸುಮಾ ಪುಣೆಯಲ್ಲಿ ನನ್ನನ್ನು ರಿಜಿಸ್ಟರ್ ಮದುವೆಯಾಗಿ ಆಮೇಲೆ ಊರಿಗೆ ತಿಳಿಸಿದ್ದಳು. ಅಂದಿನಿಂದ ಅತ್ತೆಯ ಮಾತು ನನಗೆ ಗೋಡೆಯ ಮೂಲಕವೋ ಹೆಂಡತಿಯ ಮೂಲಕವೋ ತಲುಪುತ್ತಿತ್ತು. ನಾನು ಎದುರಿಗೇ ಕೂತಿದ್ದರೂ ‘ಸುಮಾ, ನಿಮ್ಮ ಮನಿಯವರ ಚಹಾ ಆರಲಿಕ್ಕತ್ತದ’ ಎನ್ನುತ್ತಿದ್ದರು. ಚಹಾ ಮಾತ್ರ ಒಂದು ದಿನವೂ ತಪ್ಪಿಸಿದವರಲ್ಲ.

ಒಂದು ಮಧ್ಯಾಹ್ನ ಸುಮಾ ಶಾಲೆಗೆ ಪಾಠ ಹೇಳಲು ಹೋಗಿದ್ದಳು. ಅತ್ತೆ ಕಪ್ಪು ಕನ್ನಡಕ ಹಾಕಿ, ತಲೆಯ ಮೇಲೆ ಸೆರಗು ಹೊದ್ದು, ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದರು. ಏನೋ ಯಂತ್ರ ಮಾರುವವನೊಬ್ಬ ಮೆಟ್ಟಿಲು ಹತ್ತಿ ಬಂದು ಮರಾಠಿಯಲ್ಲಿ ಶುರುಮಾಡಿದ. ಅತ್ತೆ ನಿಧಾನವಾಗಿ ಕನ್ನಡಕ ತೆಗೆದು ಅವನನ್ನು ನೋಡಿದರು. ಸಿಟ್ಟಿಲ್ಲ, ಬೇಸರವಿಲ್ಲ, ಬರಿಯ ನೋಟ. ಅವನ ಮಾತು ಅರ್ಧಕ್ಕೆ ನಿಂತಿತು. ಪೆಟ್ಟಿಗೆ ಮುಚ್ಚಿ, ಯಾರೂ ಕೇಳದಿದ್ದರೂ ಕ್ಷಮೆ ಕೇಳಿ ಇಳಿದುಹೋದ. ನಾನು ಒಳಗಿನಿಂದ ನೋಡುತ್ತಿದ್ದವನು, ಕೋರೆಹಲ್ಲಿನ ಚಿತ್ರವನ್ನು ಹರಿದುಹಾಕಿದೆ.

ಮಾದರಿಯಾಗಿ ಕೂರಲು ಅವರನ್ನು ನೀನೇ ಕೇಳು ಎಂದು ಸುಮಾಗೆ ಹೇಳಿದರೆ ಅವಳು ಒಪ್ಪಲಿಲ್ಲ. “ಇಷ್ಟ ವರ್ಷ ನಿಮ್ಮಿಬ್ಬರ ಟಪಾಲು ಒಯ್ದು ಸಾಕಾಗೇದ. ನೀವಽ ಕೇಳ್ರಿ” ಎಂದು ಶಾಲೆಗೆ ಹೊರಟುಹೋದಳು.

ಕೇಳಿದೆ. ಆಟ, ದಾಳ, ಸೇತುವೆ ಎಲ್ಲ ವಿವರಿಸಿದೆ. ಸೇತುವೆಯ ಮುದುಕಿ ಮನುಷ್ಯರನ್ನು ತಿನ್ನುತ್ತಾಳೆ ಎಂಬುದನ್ನು ಮುಚ್ಚಿಡಲು ನೋಡಿದೆ. ಆದರೆ ಆಕೆಗೆ ಊಟ ಯಾರು ಹಾಕುತ್ತಾರೆ ಎಂದು ಅತ್ತೆ ಗೋಡೆಯನ್ನು ಕೇಳಿದ್ದರಿಂದ ಅದನ್ನೂ ಹೇಳಬೇಕಾಯಿತು. ಆಮೇಲೆ ಅವರ ಮುಖ ಗೋಡೆಯಿಂದ ನನ್ನ ಕಡೆ ತಿರುಗಿತು.

“ಯಾಕ ಕಾಯ್ತಾಳ್ರಿ ಆಕಿ?”

ನನ್ನನ್ನೇ ಕೇಳಿದ್ದು ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಗೊತ್ತಿಲ್ಲ, ಆಟದವರು ಅದನ್ನು ಬರೆದುಕೊಟ್ಟಿಲ್ಲ ಎಂದೆ.

“ಸುಮ್ಮಸುಮ್ಮನ ಯಾರು ಸೇತುವಿ ಮ್ಯಾಲ ಕೂಡ್ತಾರ? ಹಿಂದ ಏನರೆ ಇರಬೇಕಲ್ರಿ. ಆಕಿ ಮಗಳಿರಬೇಕು.”

ಮುದುಕಿಯ ಊರುಗೋಲಿಗೆಂದು ಕಿಟಕಿ ಪರದೆಯ ಕೋಲನ್ನು ತೆಗೆದು ಅವರ ಕೈಗೆ ಕೊಟ್ಟೆ. ಹಿಡಿದು ಕೂತರು. ಬಾಯಿ ತೆರೆಯಲು ಒಪ್ಪಲಿಲ್ಲ, ಸೆರಗು ತೆಗೆಯಲೂ ಒಪ್ಪಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಮುಖ ಬರೆದಾದ ಮೇಲೆ, ಮುದುಕಿಯ ಹಿಂದೆ, ಮಂಜಿಗೆಂದು ಖಾಲಿ ಬಿಟ್ಟ ಕಡೆ ಒಂದು ಗುಡಿಸಲು ಸೇರಿಸಿದೆ. ಅದರ ಕಿಟಕಿಯಲ್ಲಿ ಬೆರಳ ತುದಿಯಷ್ಟು ಹಳದಿ ಇಟ್ಟೆ. ಅತ್ತೆ ಎದ್ದು ಬಂದು, ಆಪರೇಶನ್ ಆದ ಕಣ್ಣನ್ನು ಕಾಗದದ ಹತ್ತಿರ ತಂದು ನೋಡಿದರು. ಬೆಳಕು ಸಾಲದು, ಹುಡುಗಿ ಒಬ್ಬಳೇ ಇದ್ದಾಳೆ ಎಂದರು. ಇನ್ನಷ್ಟು ಹಳದಿ ಹಚ್ಚಿದೆ. ಸುಮಾ ಮನೆಗೆ ಬಂದಾಗ ನಾವು ಸೇತುವೆಯ ಹಗ್ಗ ತೆಂಗಿನ ನಾರಿನದೋ ಸೆಣಬಿನದೋ ಎಂದು ವಾದ ಮಾಡುತ್ತಿದ್ದೆವು. ಅವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಿದ್ದಳು.

ಕಾರ್ತಿಕ್ ಚಿತ್ರವನ್ನು ಬಹಳ ಹೊತ್ತು ನೋಡಿದ. ಗುಡಿಸಲು ಹೊರದೇಶದವರು ಕೇಳಿದ್ದರಲ್ಲಿ ಇಲ್ಲವಲ್ಲ ಎಂದ. ಇಲ್ಲ ಎಂದೆ. ಇರಲಿ ಎಂದು ಕಳಿಸಿದ. ಒಪ್ಪಿಗೆ ಬಂತು, ಅದರ ಹಿಂದೆಯೇ ಮತ್ತಷ್ಟು ಕೆಲಸವೂ ಬಂತು.

ಕೆಲವು ತಿಂಗಳ ಮೇಲೆ ಅವನು ಫೋನ್ ಮಾಡಿ ಒಂದು ಫಜೀತಿ ಹೇಳಿದ. ಪುಸ್ತಕ ಅಚ್ಚಾಗುವ ಮೊದಲು ಆಟವನ್ನು ಆಡಿಸಿ ನೋಡುತ್ತಾರಂತೆ. ಮುದುಕಿಯನ್ನು ಕೊಂದು ಸೇತುವೆ ದಾಟಬೇಕು, ಕತೆ ಇರುವುದು ಹಾಗೆ. ಆದರೆ ಚಿತ್ರ ನೋಡಿದ ಆಟಗಾರರು ಕತ್ತಿ ಕೆಳಗಿಟ್ಟು, ಆ ಗುಡಿಸಲಿನಲ್ಲಿ ಯಾರಿದ್ದಾರೆ ಎಂದು ಮುದುಕಿಯನ್ನೇ ಕೇಳುತ್ತಿದ್ದಾರೆ. ಕತೆ ಬರೆದವನ ಬಳಿ ಉತ್ತರವಿಲ್ಲ. “ಸರ್, ಗುಡಿಸಲು ನೀವೇ ಬರೆದಿದ್ದಲ್ವಾ, ನೀವೇ ಹೇಳ್ಬಿಡಿ” ಎಂದ.

ಉತ್ತರ ನನ್ನದಲ್ಲವಾದ್ದರಿಂದ ಬೆಳಗಾವಿಗೆ ಫೋನ್ ಹಚ್ಚಿದೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಆಟಗಾರರು ನಿಜವಾಗಿ ಕತ್ತಿ ಕೆಳಗಿಟ್ಟರೇ ಎಂದು ಮತ್ತೊಮ್ಮೆ ವಿಚಾರಿಸಿದರು. ಇಟ್ಟರಂತೆ ಎಂದೆ.

“ಒಳಗ ಯಾರಿದ್ದರ ಅವರಿಗೇನ್ರಿ? ನಿಂತು ಕೇಳಿದರಲ್ಲ, ಅಷ್ಟ ಸಾಕು. ದಾಟಿ ಹೋಗ್ಲಿ ಅಂತ ಹೇಳ್ರಿ.”

ಹಾಗೆಯೇ ಹೇಳಿದೆ. ಪುಸ್ತಕದಲ್ಲಿ ನಿಯಮವೂ ಹಾಗೆಯೇ ಅಚ್ಚಾಯಿತು: ನಿಂತು ಕೇಳಿದವರು ದಾಳ ಉರುಳಿಸದೆ ದಾಟಬಹುದು. ಕತ್ತಿ ಎತ್ತಿದವರ ಗತಿ ಏನು ಎಂಬುದಕ್ಕೆ ಮುಂದೆ ಬೇರೆ ಪುಟವಿದೆಯಂತೆ. ಅತ್ತೆಯನ್ನು ಬಲ್ಲ ನಾನು ಅದನ್ನು ಓದಲು ಹೋಗಿಲ್ಲ.